ಲಿಂಗ ಕಟ್ಟದ ಸೊಸೆ

ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಮದುವೆಗೆ ಮೊದಲೇ ನನ್ನ ಗಂಡನಿಗೆ ಹೇಳಿದ್ದೆ. ಚನ್ನಗಿರಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಅವರು ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ, "ನನಗೇನೂ ತೊಂದರೆ ಇಲ್ಲ. ಅವ್ವಂಗೆ ಮಾತ್ರ ನೀನೇ ಹೇಳಬೇಕು, ನನ್ನ ಕೈಲಿ ಆಗಲ್ಲ" ಅಂದರು. ಅದು ಎಪ್ಪತ್ತರ ದಶಕದ ಕೊನೆ. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ.

ನಂಬಿಕೆ ಹೋದದ್ದಕ್ಕೆ ಹೇಳಿಕೊಳ್ಳುವಂಥ ಕತೆ ಏನೂ ಇಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಎಲ್ಲರಂತೆ ನನ್ನ ಕೊರಳಲ್ಲೂ ಚಿಕ್ಕಂದಿನಲ್ಲೇ ಲಿಂಗ ಕಟ್ಟಿದ್ದರು. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ಟ್ರೈನಿಂಗಿನ ಹಾಸ್ಟೆಲಿನಲ್ಲಿ ಒಂದು ಮುಂಜಾನೆ ಹಾಗೆ ಕೂತಿದ್ದಾಗ, ಈ ಕೋಣೆಯಲ್ಲಿ ಇರುವುದು ನಾನೊಬ್ಬಳೇ ಅನ್ನಿಸಿತು. ಹೆದರಿಕೆಯೇನೂ ಆಗಲಿಲ್ಲ. ಮತ್ತೆ ಕೆಲವು ತಿಂಗಳು ಪೂಜೆ ಮಾಡಿ ನೋಡಿದೆ. ಹಾಗೆಯೇ ಅನ್ನಿಸುತ್ತಿತ್ತು. ಕೊನೆಗೆ ಲಿಂಗವನ್ನು ಬಿಚ್ಚಿ ಟ್ರಂಕಿನಲ್ಲಿ ಸೀರೆಗಳ ನಡುವೆ ಜೋಪಾನವಾಗಿ ಇಟ್ಟೆ.

ಮದುವೆಯಾಗಿ ಬಂದ ಮೇಲೆ, ಅತ್ತೆಗೆ ಹೇಳಲು ನಾನು ಮಾತು ಹುಡುಕುತ್ತಿರುವಾಗಲೇ ಅವರಿಗೆ ಗೊತ್ತಾಯಿತು. ಶಾಲೆಗೆ ಹೊತ್ತಾಗಿದೆಯೆಂದು ಒಗ್ಗರಣೆ ಮಂಡಕ್ಕಿ ತಿನ್ನುತ್ತ ನಿಂತಿದ್ದೆ.

"ಪೂಜೆ ಆತೇನವ್ವಾ?"

"ನಾನು ಮಾಡಲ್ಲ ಅತ್ತೆ."

"ಯಾಕೆ, ಮೈಗೆ ಹುಷಾರಿಲ್ಲೇನು?"

"ಮೈಗೇನಾಗಿಲ್ಲ. ದೇವರಿದ್ದಾನೆ ಅಂತ ನಂಬಾಕೆ ಆಗಲ್ಲ ನನಗೆ."

ಅವರು ನನ್ನ ಬರಿ ಕೊರಳನ್ನು ನೋಡಿದರು. ಬೈಯಲಿಲ್ಲ. ಒಳಗೆ ಹೋಗಿ ಕೂತರು. ಸಂಜೆ ನಾನು ಮಾಡಿದ ರೊಟ್ಟಿ ಮುಟ್ಟದೆ, ತಮಗೆ ಬೇರೆಯೇ ಅನ್ನ ಮಾಡಿಕೊಂಡರು. ಲಿಂಗವಿಲ್ಲದವರ ಕೈಯಿಂದ ಉಣ್ಣಬಾರದೆಂದು ಅವರ ತಾಯಿ ಕಲಿಸಿದ್ದರಂತೆ. ನನಗೆ ಅಳು ಬಂತು. ಆದರೆ ಅವರು ಹಟಕ್ಕೆ ಹಾಗೆ ಮಾಡುತ್ತಿಲ್ಲ ಎಂಬುದೂ ಕಾಣುತ್ತಿತ್ತು. ಅನ್ನ ಬಸಿಯುವಾಗ ಅವರ ಕಣ್ಣೂ ಕೆಂಪಾಗಿತ್ತು.

ಮಠದಿಂದ ಬರುತ್ತಿದ್ದ ವಯಸ್ಸಾದ ಅಯ್ಯನವರ ಮುಂದೆ ಅತ್ತೆ ವಿಷಯ ಇಟ್ಟರು. ಅಯ್ಯನವರು ಸಲೀಸಾಗಿ, "ಅದಕ್ಕೇನಂತೆ, ಇನ್ನೊಂದು ಸಲ ಕಟ್ಟಿದರಾತು" ಅಂದರು.

"ನಂಬಿಕೆ ಇಲ್ಲದೆ ಕಟ್ಟಿಕೊಂಡ್ರೆ ಅತ್ತೆಗೆ ದಿನಾ ಸುಳ್ಳು ಹೇಳಿದಂಗಾಗ್ತದೆ ಅಯ್ಯನವರೇ" ಅಂದೆ.

ಅಯ್ಯನವರಿಗೆ ಈ ಉತ್ತರ ಹಿಡಿಸಲಿಲ್ಲ. ಅತ್ತೆ ಮಾತ್ರ ಅವರನ್ನು ಕಳಿಸಿ ಬಂದು ಕಂಬಕ್ಕೆ ಒರಗಿ ಕೂತು, "ಸುಳ್ಳು ಕಟ್ಟಿಕೊಳ್ಳಾದು ಬ್ಯಾಡ ಬಿಡವ್ವ" ಅಂದರು. ಮರುದಿನ ಅವರೇ ಒಂದು ದಾರಿ ತೆಗೆದರು. ಹೆಚ್ಚುವುದು, ರುಬ್ಬುವುದು, ಕುದಿಸುವುದು ನಾನು. ಒಲೆ ಹಚ್ಚುವುದು ಅವರು. "ಬೆಂಕಿ ನಂದಾದ್ರೆ ಅಡುಗಿನೂ ನಂದೇ" ಎಂದು ಗಂಭೀರವಾಗಿ ಹೇಳಿದರು. ನನ್ನ ಗಂಡ ನಗು ತಡೆಯಲಾಗದೆ ಹಿತ್ತಲಿಗೆ ಹೋದರು. ಅಂದಿನಿಂದ ನಾವು ಒಟ್ಟಿಗೆ ಉಂಡೆವು.

ಕೆಲವು ವರ್ಷಗಳಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಬಿಲ್ವಪತ್ರೆಯ ಗಿಡಕ್ಕೆ ಕೈಹಾಕಿ ಮುಳ್ಳು ಚುಚ್ಚಿಸಿಕೊಳ್ಳುತ್ತಿದ್ದರು. ಊರಿನ ಛತ್ರವೊಂದರಲ್ಲಿ ಕಣ್ಣಿನ ಶಿಬಿರ ಹಾಕಿದಾಗ ಶಾಲೆಗೆ ರಜೆ ಹಾಕಿ ಕರೆದುಕೊಂಡು ಹೋದೆ. ಆಪರೇಷನ್ನಿಗೆ ಮುಂಚೆ ನರ್ಸು, ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಕೊಡಿ ಅಂದಳು. ಅತ್ತೆ ಬಳೆ ಕೊಟ್ಟರು, ಓಲೆ ಕೊಟ್ಟರು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು, "ಇದನ್ನ ಬಿಚ್ಚಾಕೆ ಆಗಲ್ಲ. ಕಣ್ಣು ಹೋದ್ರೆ ಹೋಗಲಿ" ಎಂದು ಎದ್ದು ನಿಂತರು.

"ಅಜ್ಜಿಗೆ ನೀವಾದ್ರೂ ತಿಳಿಸಿ ಹೇಳ್ರಿ, ಓದಿದೋರು ಕಾಣ್ತೀರಿ" ಎಂದು ನರ್ಸು ನನ್ನತ್ತ ತಿರುಗಿದಳು.

ನಾನು ಅತ್ತೆಯ ಕಡೆ ನಿಂತೆ. "ಅದು ಒಡವೆಯಲ್ಲ ಸಿಸ್ಟರ್. ಅದು ಮೈಮೇಲೆ ಇಲ್ಲದಿದ್ರೆ ಅವರಿಗೆ ಉಸಿರು ಕಟ್ಟಿದಂಗಾಗ್ತದೆ. ತೋಳಿಗೆ ಕಟ್ಟಿ ಮೇಲೆ ಬಟ್ಟೆ ಸುತ್ತಿದರೆ ನಿಮಗೇನು ಅಡ್ಡ ಬರ್ತದೆ, ಡಾಕ್ಟರನ್ನೇ ಕೇಳಿ ಬನ್ನಿ" ಅಂದೆ. ದನಿ ತುಸು ಜೋರಾಗಿತ್ತು. ಡಾಕ್ಟರು ಬಂದು ನೋಡಿ, ಆಗಬಹುದು ಅಂದರು. ಕರಡಿಗೆಯನ್ನು ಅತ್ತೆಯ ತೋಳಿಗೆ ನಾನೇ ಕಟ್ಟಿದೆ. ಅವರು ನನ್ನ ಮಣಿಕಟ್ಟನ್ನು ಒಮ್ಮೆ ಅದುಮಿದರು.

ಆಪರೇಷನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲುಗಿಸುವಂತಿಲ್ಲ. ಬೆಳಿಗ್ಗೆ ಅವರು ಮಲಗಿದಲ್ಲೇ ಎಡ ಅಂಗೈ ಚಾಚುತ್ತಿದ್ದರು. ನಾನು ಲಿಂಗವನ್ನು ಅದರಲ್ಲಿಟ್ಟು, ಕೇಳಿದ ಹಾಗೆ ನೀರು, ವಿಭೂತಿ, ಪತ್ರೆ ಒಂದೊಂದಾಗಿ ಬಲಗೈಗೆ ಕೊಡುತ್ತಿದ್ದೆ. ಪೂಜೆ ಅವರದು. ಅವರ ಮುಖದಲ್ಲಿ ಆಗ ಇಳಿಯುತ್ತಿದ್ದ ನೆಮ್ಮದಿಯನ್ನು ನೋಡುವುದು ನನಗೂ ಹಿತವಾಗಿತ್ತು.

ಪಕ್ಕದ ಹಾಸಿಗೆಯಲ್ಲಿ ಕೆರೆಬಿಳಚಿಯ ಮುಸ್ಲಿಂ ಅಜ್ಜಿಯೊಬ್ಬರು. ಅವರಿಗೂ ಕಣ್ಣುಪಟ್ಟಿ. ಮೊದಲ ದಿನವೇ, "ಬೇಟಿ, ಪಡುವಣ ಯಾವ ಕಡೆ ಐತೆ?" ಎಂದು ಕೇಳಿದರು. ಅವರ ಕೈ ಹಿಡಿದು ದಿಕ್ಕು ತೋರಿಸಿದೆ. ಮಲಗಿದಲ್ಲೇ ಬೆರಳು ಆಡಿಸಿ ನಮಾಜು ಮಾಡಿದರು. ಹೀಗೆ ಒಬ್ಬರಿಗೆ ಪತ್ರೆ, ಒಬ್ಬರಿಗೆ ಪಡುವಣ ಕೊಡುತ್ತ ನಾನು ನಡುವಿನ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ.

"ನಿಮ್ಮ ಸೊಸೆ ಬಾಳ ಭಕ್ತಿವಂತೆ" ಎಂದು ಆ ಅಜ್ಜಿ ಒಂದು ಮಧ್ಯಾಹ್ನ ಹೇಳಿದರು.

ಅತ್ತೆ ತಲೆ ಅಲುಗದಂತೆ ನಗಲು ಒದ್ದಾಡಿದರು. "ಅಯ್ಯ, ಅವಳಿಗೆ ದೇವರೇ ಇಲ್ಲ!"

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಹಂಗೇ ಅವಳು."

ಅಜ್ಜಿ, "ಅಲ್ಲಾ ಅವಳಿಗೂ ಒಂದು ದಾರಿ ಇಟ್ಟಿರ್ತಾನೆ ಬಿಡ್ರಿ" ಅಂದರು. "ನಾನೂ ಹಂಗೇ ಅಂದ್ಕೊಂಡೀನಿ" ಅಂದರು ಅತ್ತೆ.

ನನಗೆ ಚೂರು ಸಿಟ್ಟು ಬಂತು. "ನಾನೇನೂ ದಾರಿ ತಪ್ಪಿ ನಿಂತಿಲ್ಲ ಅತ್ತೆ. ನಾನು ನಡೀತಿರೋದೂ ದಾರಿನೇ" ಅಂದೆ. ಅತ್ತೆ, "ಆತು ತಾಯಿ, ನಮ್ಮದೇ ತಪ್ಪು. ಈಗ ಗಂಜಿ ಕುಡಿಸು, ಹಸಿವಾಗೈತೆ" ಅಂದರು.

ಆ ಗಂಜಿಯನ್ನು ಮನೆಯಲ್ಲಿ ನಾನೇ ಒಲೆ ಹಚ್ಚಿ ಕಾಯಿಸಿ ತಂದಿದ್ದೆ. ಹೇಳಿಯೇ ಕುಡಿಸಬೇಕೆಂದು, "ಬೆಂಕಿನೂ ನಂದೇ ಅತ್ತೆ" ಅಂದೆ. "ಗೊತ್ತೈತೆ. ನಿನ್ನೆಯದೂ ನಿಂದೇ. ಮನೇಲಿ ಇನ್ಯಾರು ಹಚ್ಚತಾರೆ?" ಎಂದು ಬಾಯಿ ತೆರೆದರು.

ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ಅವರು ಪತ್ರೆಯನ್ನು ತಾವೇ ಬಿಡಿಸತೊಡಗಿದರು. ಅದರ ಮರುವರ್ಷ ನನಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ಲಿಂಗ ಕಟ್ಟುವ ಶಾಸ್ತ್ರದ ದಿನ ಹತ್ತಿರ ಬಂದಾಗ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ನಾನು ಶಾಲೆಗೆ ಹೋದಾಗ ಕಟ್ಟಿಸಿಬಿಟ್ಟರೆ ಏನು ಮಾಡಲಿ ಎಂದು ಒಳಗೊಳಗೇ ತಳಮಳಿಸುತ್ತಿದ್ದೆ. ಅತ್ತೆ ಹಾಗೆ ಮಾಡುವವರಲ್ಲ. ಮಗುವಿಗೆ ಎಣ್ಣೆ ತಿಕ್ಕುತ್ತ ಕಾಲು ಚಾಚಿ ಕೂತಿದ್ದವರು, "ಇವಳಿಗೆ ಕಟ್ಟಾಕೆ ನಿನ್ನದೇನೂ ಅಡ್ಡಿ ಇಲ್ಲೇನವ್ವ? ನೀನು ಬ್ಯಾಡ ಅಂದ್ರೆ ಬ್ಯಾಡ" ಅಂದರು. ಅವರು ಕೇಳಿದರಲ್ಲ ಎಂಬುದಕ್ಕೇ ನನ್ನ ಅರ್ಧ ತಳಮಳ ಇಳಿದುಹೋಯಿತು.

"ಕಟ್ಟಿಸ್ರಿ ಅತ್ತೆ. ಆದ್ರೆ ದೊಡ್ಡೋಳಾಗಿ ಅವಳು ಬ್ಯಾಡ ಅಂದ್ರೆ ನೀವು ಒತ್ತಾಯ ಮಾಡಬಾರದು."

ಅವರು ಮಗುವನ್ನು ಬೋರಲು ಹಾಕಿ ಬೆನ್ನು ನೀವತೊಡಗಿದರು.

"ಆಗಲಿ. ಅವಳು ಬೇಕು ಅಂದ್ರೆ ನೀನೂ ಬ್ಯಾಡ ಅನ್ನಂಗಿಲ್ಲ."

"ಅನ್ನಲ್ಲ" ಅಂದೆ. ಅವರ ಕೈಯೆಲ್ಲ ಎಣ್ಣೆಯಾಗಿತ್ತು, ಮೂಗಿನ ಮೇಲೆ ಜಾರಿದ ಕನ್ನಡಕವನ್ನು ನಾನೇ ಸರಿಮಾಡಿ, ಬಿಸಿನೀರು ತರಲು ಬಚ್ಚಲಿಗೆ ಹೋದೆ.