ಅಳಿಯನ ಬೆನ್ನ ಹಿಂದೆ ಹಾರಿದ ಅಪ್ಪ

ಇದು 2005ರ ಮಾತು. ಆಗ ನಾವು ಚಾಮರಾಜನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮುಂದಿನ ದೊಡ್ಡ ಕೋಣೆಯಲ್ಲಿ ನನ್ನ ಗಂಡ ಲೋಕೇಶ್ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಮಗನಿಗೆ ಆಗಷ್ಟೇ ನಡಿಗೆ ಬಂದಿತ್ತು.

ಸಂಜೆ ಕೊನೆಯ ಬ್ಯಾಚಿನವರು ಹೊರಟರೆಂದರೆ ಆ ಮುಂದಿನ ಕೋಣೆ ಯುದ್ಧಭೂಮಿ ಆಗುತ್ತಿತ್ತು. ಮೆಡಿಕಲ್ ಸ್ಟೋರಿನ ಸಿದ್ದರಾಜು, ಹೈಸ್ಕೂಲಿನ ಗುಮಾಸ್ತ ನಂದೀಶ ಬಂದು ಒಂದೊಂದು ಕಂಪ್ಯೂಟರ್ ಹಿಡಿದು ಕೂರುತ್ತಿದ್ದರು. ಎರಡನೇ ಮಹಾಯುದ್ಧದ ವಿಮಾನ ಹಾರಿಸುವ ಆಟ. ಕಂಪ್ಯೂಟರುಗಳನ್ನು ವೈರಿನಿಂದ ಜೋಡಿಸಿದ್ದರಿಂದ ಎಲ್ಲರೂ ಒಂದೇ ಆಕಾಶದಲ್ಲಿ ಹಾರುತ್ತಿದ್ದರು. ಎದುರಾಳಿಗಳ ವಿಮಾನಗಳನ್ನು ಕಂಪ್ಯೂಟರೇ ಓಡಿಸುತ್ತಿತ್ತು.

ಬರೀ ಆಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇವರು ನಿಜವಾದ ಪೈಲಟ್‌ಗಳ ಹಾಗೆಯೇ ಬದುಕುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಊರು, ಪದವಿ. ನನ್ನ ಗಂಡ ಲೀಡರ್ ವಿಕ್ರಂ. ಕುರ್ಚಿಯಲ್ಲಿ ಕೂತ ಮೇಲೆ ಮನೆಯ ಹೆಸರು, ಮನೆಯ ಸಂಬಂಧ ಯಾವುದನ್ನೂ ಬಾಯಿಗೆ ತರುವಂತಿಲ್ಲ. ತಂದವನು ಆವತ್ತಿಗೆ ವಿಮಾನದಿಂದ ಇಳಿದು ಎಲ್ಲರಿಗೂ ಕಾಫಿ ತಂದುಕೊಡಬೇಕು. ಒಂದು ದಿನ ನಾನು ಬಾಗಿಲಲ್ಲಿ ನಿಂತು, "ರೀ, ಹಾಲು ತರ್ತೀರಾ?" ಅಂದೆ. ಇವರು ತಿರುಗಿ ಕೂಡ ನೋಡದೆ, "ಹಾರಾಟದ ವೇಳೆಯಲ್ಲಿ ಅಡುಗೆ ವಿಭಾಗದವರು ಮಾತಾಡಬಾರದು" ಅಂದರು. ಮೈಯೆಲ್ಲ ಉರಿಯಿತು. ಆದರೂ ಮದುವೆಯಾದ ಗಂಡಸರು ಇಷ್ಟೊಂದು ಶ್ರದ್ಧೆಯಿಂದ ಸುಳ್ಳು ಬದುಕುವುದು ಹೇಗೆ ಅನ್ನೋ ಕುತೂಹಲಕ್ಕೆ, ಚಪಾತಿ ಲಟ್ಟಿಸುತ್ತಲೇ ಕಿವಿಯನ್ನು ಅತ್ತ ಇಟ್ಟಿರುತ್ತಿದ್ದೆ.

ಅವರಲ್ಲಿ ಜೋಡಿ ಪದ್ಧತಿ ಇತ್ತು. ಒಬ್ಬ ಮುಂದೆ ಹಾರಿದರೆ ಇನ್ನೊಬ್ಬ ಅವನ ಹಿಂದೆಯೇ ಇದ್ದು ಬೆನ್ನು ಕಾಯಬೇಕು. ಸಿದ್ದರಾಜು ಮತ್ತು ನಂದೀಶ ಒಂದು ಜೋಡಿ. ನನ್ನ ಗಂಡನ ಜೋಡಿಯಾಗಿದ್ದವರಿಗೆ ಕೊಳ್ಳೇಗಾಲಕ್ಕೆ ವರ್ಗವಾಗಿ, ಇವರು ಒಂಟಿಯಾಗಿದ್ದರು. ಹಾಗಾಗಿ ದಿನಾ ಹಿಂದಿನಿಂದ ಗುಂಡು ತಿಂದು ಬೀಳುತ್ತಿದ್ದರು.

ಅದೇ ಸಮಯಕ್ಕೆ ನನ್ನ ತವರೂರು ಗುಂಡ್ಲುಪೇಟೆಯಲ್ಲಿ ಅಪ್ಪ ಮೊಪೆಡ್‌ನಿಂದ ಬಿದ್ದು ಕಾಲು ಮುರಿದುಕೊಂಡರು. ಚಾಮರಾಜನಗರದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿದ್ದರಿಂದ, ಬಿಚ್ಚುವವರೆಗೂ ನಮ್ಮ ಮನೆಯಲ್ಲೇ ಇರಲಿ ಎಂದು ಅಮ್ಮ ಕರೆತಂದಳು. ಒಳಗೆ ಮೆಟ್ಟಿಲಿದ್ದ ಕಾರಣ ಮುಂದಿನ ಕೋಣೆಯ ಮೂಲೆಯಲ್ಲೇ ಮಂಚ ಹಾಕಬೇಕಾಯಿತು.

ಕಷ್ಟ ಏನೆಂದರೆ, ಅಪ್ಪನಿಗೂ ನನ್ನ ಗಂಡನಿಗೂ ಮಾತಿರಲಿಲ್ಲ. ಮಗನ ನಾಮಕರಣದ ದಿನ ಬಿಟ್ಟ ಮಾತು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತಿದ್ದ ಅಪ್ಪ ಮೊಮ್ಮಗನಿಗೆ ಮಹದೇವ ಎಂದೇ ಹೆಸರಿಡಬೇಕೆಂದಿದ್ದರು. ಇವರು, "ನಮ್ ಕಡೆ ಸ್ಕೂಲಲ್ಲಿ ಬೆಂಚಿಗೆ ಮೂರು ಜನ ಮಾದೇವ ಇರ್ತಾರೆ" ಎಂದು ನಕ್ಕು, ತೊಟ್ಟಿಲಲ್ಲಿ ಆದಿತ್ಯ ಅಂದುಬಿಟ್ಟರು. ಅಪ್ಪ ಬಡಿಸಿದ ಎಲೆ ಬಿಟ್ಟು ಎದ್ದು ಹೋದರು. ಅಲ್ಲಿಂದ ನನ್ನ ತವರಿನ ದಾರಿ ಅರ್ಧ ಮುಚ್ಚಿದಂತಾಗಿತ್ತು. ಹಬ್ಬಕ್ಕೆ ಹೋದರೆ ನಾನೊಬ್ಬಳೇ, ಬಂದರೆ ಅಮ್ಮ ಒಬ್ಬಳೇ.

ಈಗ ಇಬ್ಬರೂ ಒಂದೇ ಕೋಣೆಯಲ್ಲಿ. ಮಾತೆಲ್ಲ ನನ್ನ ಮೂಲಕ.

"ನಿನ್ ಗಂಡನ್ಗೆ ಏಳವ್ವ, ಫ್ಯಾನ್ ಗಾಳಿ ಜೋರಾಯ್ತು ಅಂತ."

"ನಿಮ್ಮಪ್ಪಂಗೆ ಹೇಳು, ರೆಗ್ಯುಲೇಟರ್ ಕೆಟ್ಟೋಗಿದೆ ಅಂತ."

ಇಬ್ಬರ ನಡುವೆ ಒಂದು ಮಂಚದಷ್ಟು ದೂರ. ನಾನು ಒಗ್ಗರಣೆ ಸೌಟು ಹಿಡಿದುಕೊಂಡು ಮಧ್ಯೆ ನಿಂತಿರುತ್ತಿದ್ದೆ.

ಮೊದಲು ಆ ಆಟ ಕಂಡು ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಆಮೇಲೆ ಮಗ್ಗುಲು ಬದಲಾಯಿಸಿದರು. ಆಮೇಲೆ ದಿಂಬಿಗೆ ಒರಗಿ ಕೂತರು. ಒಂದು ಸಂಜೆ ಇದ್ದಕ್ಕಿದ್ದಂತೆ, "ಹಿಂದಿಂದ ಬತ್ತಾವ್ನೆ ಕಣ್ಲಾ, ನೋಡ್ಲಾ!" ಎಂದು ಅಪ್ಪ ಕೂಗಿದ್ದು ಅಡುಗೆಮನೆಗೆ ಕೇಳಿಸಿತು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಆವತ್ತು ಮಾತ್ರ ನನ್ನ ಗಂಡ ಸಾಯಲಿಲ್ಲ.

ಮಾರನೆಯ ದಿನ ಸಿದ್ದರಾಜು ಕೇಳಿಯೇಬಿಟ್ಟ. "ಯಜಮಾನ್ರೆ, ಸುಮ್ನೆ ಕೂಗೋ ಬದ್ಲು ನೀವೂ ಒಂದು ವಿಮಾನ ತಕ್ಕಳಿ. ಲೀಡರ್ ಬೆನ್ನು ಕಾಯಕ್ಕೆ ಯಾರೂ ಇಲ್ಲ."

"ನಂಗೇನ್ಲಾ ಬಂದದು ಅದೆಲ್ಲಾ, ಹೂವಿನ ತೋಟದವ್ನಿಗೆ" ಅಂದರು ಅಪ್ಪ. ಆದರೆ ಆಗಲೇ ಕಾಲನ್ನು ಮಂಚದಿಂದ ಇಳಿಸುತ್ತಿದ್ದರು.

ಮನೆಯಲ್ಲಿದ್ದದ್ದು ಒಂದೇ ಜಾಯ್‌ಸ್ಟಿಕ್, ಅದು ನನ್ನ ಗಂಡನದು. ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಅವರೇ ಅದನ್ನು ಕಿತ್ತು ನಾಲ್ಕನೇ ಕಂಪ್ಯೂಟರಿಗೆ ಸಿಕ್ಕಿಸಿ, ತಾವು ಕೀಬೋರ್ಡ್ ಎಳೆದುಕೊಂಡರು.

"ಏನ್ ಹೆಸರು ಹಾಕ್ಲಿ ಯಜಮಾನ್ರೆ?" ಎಂದ ಸಿದ್ದರಾಜು.

"ಮಾದೇವ ಅಂತ ಬರಿ."

ಸಿದ್ದರಾಜು ಕೀಬೋರ್ಡಿನ ಮೇಲೆ ಬೆರಳಿಟ್ಟು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಪರದೆಯನ್ನೇ ನೋಡುತ್ತಾ, "ಬರಿ" ಅಂದರು.

ಅಲ್ಲಿಂದ ನಡೆದದ್ದು ನನಗೆ ಇವತ್ತಿಗೂ ಬೆರಗು. ಮಾವ ಅಳಿಯ ಮಾತಾಡುತ್ತಿರಲಿಲ್ಲ, ನಿಜ. ಆದರೆ ಲೀಡರ್ ವಿಕ್ರಂ ಮತ್ತು ಮಾದೇವ ಧಾರಾಳವಾಗಿ ಮಾತಾಡುತ್ತಿದ್ದರು! "ಮಾದೇವ, ನನ್ನ ಹಿಂದೆ ಬಾ. ಎತ್ತರ ಕಳ್ಕೋಬೇಡ" ಎಂದು ನನ್ನ ಗಂಡ ಏಕವಚನದಲ್ಲಿ ಹೇಳಿದ್ದು ಮೊದಲ ಸಲ ಕೇಳಿದಾಗ ನನ್ನ ಕೈಯಿಂದ ಲಟ್ಟಣಿಗೆ ಬಿತ್ತು. ಅಪ್ಪ, "ಆಯ್ತು ಲೀಡರ್" ಅಂದರು! ಆಟ ಮುಗಿದು ಎದ್ದ ಕೂಡಲೇ ಮತ್ತೆ, "ನಿನ್ ಗಂಡನ್ಗೆ ಏಳವ್ವ, ಲೈಟ್ ಆರ್ಸು ಅಂತ."

ದಿಕ್ಕು, ಡಿಗ್ರಿ ಅಪ್ಪನ ತಲೆಗೆ ಹತ್ತಲಿಲ್ಲ. ಆಟದಲ್ಲಿದ್ದದ್ದು ಬರ್ಮಾದ ಕಾಡು. ಅಪ್ಪ ಅಲ್ಲಿನ ಜಾಗಗಳಿಗೆ ನಮ್ಮ ಸೀಮೆಯ ಊರುಗಳ ಹೆಸರಿಟ್ಟರು. ದಟ್ಟ ಕಾಡು ಆನೆಗಳಿರುವ ಪುಣಜನೂರು, ನದಿ ಬಳಸುವ ಜಾಗ ಸಂತೆಮರಹಳ್ಳಿ, ವಿಮಾನ ಇಳಿಯುವ ಮೈದಾನ ಬದನಗುಪ್ಪೆ. ವಾರದೊಳಗೆ ಎಲ್ಲರಿಗೂ ಅದೇ ರೂಢಿಯಾಯಿತು. "ಪುಣಜನೂರ್ ಕಡೆಯಿಂದ ಎರಡು ಬತ್ತಾ ಅವೆ!" ಎಂದು ನಂದೀಶ ಕಿರುಚಿದಾಗ, ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಆನೆ ಬಂತೇನೋ ಎಂದು ಸೈಕಲ್ ನಿಲ್ಲಿಸಿ ಇಣುಕಿದ್ದ.

ಪ್ಲಾಸ್ಟರ್ ಬಿಚ್ಚಿದರು. ಮಾರನೆಯ ಬೆಳಿಗ್ಗೆ ಅಪ್ಪ ಊರಿಗೆ ಹೊರಡುವುದೆಂದಾಯಿತು. ನನಗೆ ಒಳಗೊಳಗೇ ಕಳವಳ. ಇಷ್ಟು ದಿನ ಒಂದೇ ಸೂರಿನಡಿ ಇದ್ದು, ಮಾವ ಅಳಿಯನಾಗಿ ಒಂದು ಮಾತೂ ಆಡದೆ ಹೊರಟುಬಿಟ್ಟರೆ ಇನ್ನು ಈ ಜನ್ಮದಲ್ಲಿ ಆಡಲಾರರು ಅನ್ನಿಸಿತ್ತು. ಆ ಸಂಜೆ ಕಡೆಯ ಹಾರಾಟ. ನಾನು ಕೆಲಸ ಬಿಟ್ಟು, ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲೇ ನಿಂತೆ.

ಶತ್ರುಗಳ ಒಂದು ಸೇತುವೆ ಒಡೆಯಬೇಕಿತ್ತು. ಬಹಳ ದಿನಗಳಿಂದ ಇವರು ಅಲ್ಲಿಗೆ ಮುಟ್ಟಿರಲೇ ಇಲ್ಲ. ಆವತ್ತು ಮುಟ್ಟಿದರು. ಸೇತುವೆ ಕಣ್ಣೆದುರಿಗೇ ಕಾಣುತ್ತಿತ್ತು. ಅಷ್ಟರಲ್ಲಿ ಅಪ್ಪ, "ಲೀಡರ್, ನನ್ನದ್ರಲ್ಲಿ ಹೊಗೆ ಬತ್ತಾ ಅದೆ" ಅಂದರು. ಪರದೆಯ ತುಂಬ ಕರಿ ಹೊಗೆ.

ಅವರ ನಿಯಮದ ಪ್ರಕಾರ ಕೆಲಸ ಬಿಟ್ಟು ತಿರುಗುವಂತಿಲ್ಲ. ಕೆಟ್ಟ ವಿಮಾನದವನು ಪ್ಯಾರಾಚೂಟ್‌ನಲ್ಲಿ ಹಾರಿಕೊಳ್ಳಬೇಕು. ಆದರೂ ನನ್ನ ಗಂಡ ವಿಮಾನ ತಿರುಗಿಸಿಯೇಬಿಟ್ಟರು.

"ಲೀಡರ್, ಸೇತುವೆ ಎದುರಿಗೇ ಅದೆ!" ಎಂದು ಸಿದ್ದರಾಜು ಬಡಕೊಂಡ.

"ಇರ್ಲಿ ಬುಡು" ಅಂದರು ಇವರು.

ದಾರಿಯುದ್ದಕ್ಕೂ ಪಕ್ಕದಲ್ಲೇ ಹಾರುತ್ತಾ ಬಂದರು. "ಮಾದೇವ, ಸಂತೆಮರಹಳ್ಳಿ ತಿರುವು ದಾಟಿದೀಯ. ಇನ್ನೇನು ಬಂತು. ಕೈ ಅಲ್ಲಾಡಿಸಬೇಡ." ಅಪ್ಪನ ಹಣೆಯಲ್ಲಿ ಬೆವರು. ಬದನಗುಪ್ಪೆ ಮೈದಾನ ಕಾಣಿಸಿತು. ಅಪ್ಪನ ವಿಮಾನ ಮೂಗು ಕೆಳಗೆ ಮಾಡಿ ನೆಲಕ್ಕೆ ಬೀಳತೊಡಗಿತು. ನನ್ನ ಗಂಡ ಕುರ್ಚಿಯಿಂದ ಅರ್ಧ ಎದ್ದು, "ಮಾವ! ಮೇಲಕ್ಕೆತ್ತಿ ಮಾವ! ಹಿಂದಕ್ಕೆ ಎಳೀರಿ!" ಎಂದು ಕೂಗಿದರು.

ಅಪ್ಪ ಎಳೆದರು. ಒಂದು ರೆಕ್ಕೆ ಮುರಿಯಿತು, ವಿಮಾನ ಗಿರ್ರನೆ ತಿರುಗಿ ನಿಂತಿತು. ಪೈಲಟ್ ಬದುಕಿದ್ದ.

ಬಾಯಿತಪ್ಪಿ ಬಂದ ಮಾತು ಎಲ್ಲರಿಗೂ ಕೇಳಿಸಿತ್ತು. ನಂದೀಶನೇ ಮೆಲ್ಲಗೆ, "ಲೀಡರ್, ರೂಲ್ಸ್ ಅಂದ್ರೆ ರೂಲ್ಸು. ಸಂಬಂಧ ಎತ್ತಿದ್ರಿ. ಕಾಫಿ" ಅಂದ. ನನ್ನ ಗಂಡ ತಲೆತಗ್ಗಿಸಿಕೊಂಡು ಎದ್ದರು.

ಅಪ್ಪ ಕೋಲು ಊರಿಕೊಂಡು ಅವರಿಗಿಂತ ಮೊದಲೇ ನಿಂತಿದ್ದರು. "ನೀವ್ ಕೂತ್ಕಳಿ ಅಳಿಯಂದ್ರೆ, ನಾ ತತ್ತೀನಿ" ಅಂದರು.

"ಬೇಡ ಮಾವ, ಕಾಲು ಹುಷಾರು."

"ಹಂಗಾದ್ರೆ ಇಬ್ರೂ ಓಗನ ಬನ್ನಿ."

ಇಬ್ಬರೂ ಅಡುಗೆಮನೆಗೆ ಬಂದರು. ಒಬ್ಬರಿಗೆ ಕಾಫಿಪುಡಿ ಎಲ್ಲಿದೆ ಗೊತ್ತಿಲ್ಲ, ಇನ್ನೊಬ್ಬರಿಗೆ ಸ್ಟವ್ ಹಚ್ಚಲು ಬರುವುದಿಲ್ಲ. ನಾನು ಹೇಳಿಕೊಡಲಿಲ್ಲ. ಅವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ ಎಂದು ಹಿತ್ತಿಲಿಗೆ ಹೋಗಿ ನಿಂತು, ಮಗುವಿನ ಹೆಗಲಿಗೆ ಮುಖ ಒತ್ತಿಕೊಂಡು ಚೆನ್ನಾಗಿ ಅತ್ತೆ. ಒಳಗಿನಿಂದ ಹಾಲು ಉಕ್ಕಿದ ವಾಸನೆಯೂ ಅಪ್ಪನ ನಗುವೂ ಒಟ್ಟಿಗೆ ಬಂದವು.

ಕೆಲವು ದಿನಗಳ ನಂತರ ಮೆಡಿಕಲ್ ಸ್ಟೋರಿಗೆ ಮಗುವಿನ ಔಷಧಿ ತರಲು ಹೋಗಿದ್ದೆ. ಸಿದ್ದರಾಜು ಅತ್ತಿತ್ತ ನೋಡಿ, "ಅಕ್ಕ, ಒಂದ್ ವಿಚಾರ. ಅವತ್ತು ಯಜಮಾನ್ರ ಹಿಂದೆ ಶತ್ರು ಯಾರೂ ಇರ್ನಿಲ್ಲ. ಇಂಜಿನ್ ಸುಮ್ಸುಮ್ನೆ ಕಾಯ್ಸುದ್ರೆ ಹಂಗೆ ಹೊಗೆ ಬತ್ತದೆ. ಹಂಗ್ ಮಾಡ್ಬೇಡಿ ಅಂತ ಯಜಮಾನ್ರಿಗೆ ದಿನಾ ಏಳ್ತಿದ್ದೆ" ಅಂದ.

ಮುಂದಿನ ಸಲ ಗುಂಡ್ಲುಪೇಟೆಗೆ ನಾವಿಬ್ಬರೂ ಜೊತೆಯಲ್ಲೇ ಹೋದೆವು. ಅಪ್ಪ ತೋಟದಲ್ಲಿ ಚೆಂಡುಹೂವು ಬಿಡಿಸುತ್ತಿದ್ದರು. ಹತ್ತಿರ ಹೋಗಿ, "ಅಪ್ಪ, ಅವತ್ತು ಹೊಗೆ ಬಂದಿದ್ದು ತಾನಾಗೇನಾ, ಇಲ್ಲ ನೀನೇ ಬರಿಸಿದ್ದಾ?" ಎಂದು ಕೇಳಿದೆ.

ಅಪ್ಪ ಹೂವಿನ ಚೀಲದಿಂದ ತಲೆ ಎತ್ತಲಿಲ್ಲ. "ನಮ್ಮುನ್ನ ಬುಟ್ಟು ಮುಂದಕ್ಕೆ ಓಯ್ತಾನಾ, ವಾಪಸ್ ತಿರುಗ್ತಾನಾ ಅಂತ ನೋಡ್ಬೇಕಾಗಿತ್ತು ಕಣಮ್ಮಿ" ಅಂದರು. ಇನ್ನೊಂದು ಹೂವು ಕಿತ್ತು ಚೀಲಕ್ಕೆ ಹಾಕಿ, "ತಿರುಗ್ದ" ಅಂದರು.

ನನ್ನ ಗಂಡ ಈಗಲೂ ಮಾವನ ಜೀವ ಉಳಿಸಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ನಾನು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಇದನ್ನು ಓದಿದಾಗಲೇ ಅವರಿಗೆ ಗೊತ್ತಾಗಬೇಕು.