ತಾಮ್ರದ ಪಾಲು

ತಾರ್ನಾಕದ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದದ್ದು ಕಂಪ್ಯೂಟರಿನಲ್ಲಿ ಅಣುಗಳ ಲೆಕ್ಕ ಮಾಡುವ ಕೆಲಸ. ಅಣುಗಳನ್ನು ನಿಜವಾಗಿ ತಯಾರಿಸುತ್ತಿದ್ದವರು ಪಕ್ಕದ ಕೋಣೆಯ ಹಿರಿಯರು, ರಾಯಚೂರಿನ ಕಡೆಯವರು. ಉಳಿದವರೊಡನೆ ಅವರು ತೆಲುಗು ಮಾತಾಡುತ್ತಿದ್ದರು. ನನ್ನೊಡನೆ ಜಗಳವಾಡಲು ಮಾತ್ರ ಕನ್ನಡ.

ಆ ಸಲ ಅವರು ಮಾಡಿದ್ದು ಒಂದು ನೀಲಿ ಪುಡಿ. ಅದರ ಅಣುವಿನ ನಡುವೆ ತಾಮ್ರ, ಸುತ್ತ ನಾಲ್ಕು ನೈಟ್ರೋಜನ್, ಅವುಗಳಾಚೆ ಇಂಗಾಲಗಳು. ಜೋಡಿಯಿಲ್ಲದ ಎಲೆಕ್ಟ್ರಾನ್ ಒಂದೇ ಒಂದು. ಅದರ ಸ್ಪಿನ್, ಅಂದರೆ ಮೇಲ್ಮುಖವೋ ಕೆಳಮುಖವೋ ಆದ ಅದರ ಪುಟ್ಟ ಕಾಂತಗುಣ, ಯಾವ ಪರಮಾಣುವಿನ ಮೇಲೆ ಎಷ್ಟು ಹಂಚಿಕೊಂಡಿದೆ ಎಂದು ನಾನು ಹೇಳಬೇಕಿತ್ತು. ಹೇಳಿದೆ. ಕಾಗದ ನೋಡಿ ಅವರು ಹುಬ್ಬು ಗಂಟಿಕ್ಕಿದರು.

“ತಾಮ್ರದ ಮ್ಯಾಲೆ ಬರೇ ಪಾಯಿಂಟ್ ಆರು ಐತಲ್ರಿ. ಉಳಿದದ್ದು ಎಲ್ಲಿ ಹೋತು?”

“ನೈಟ್ರೋಜನ್ ಮ್ಯಾಲೆ ಹರಡೇತ್ರಿ ಸರ್. ಎಲ್ಲಾ ಕೂಡಿಸಿದ್ರ ಒಂದ ಆಕ್ಕೈತಿ.”

“ಎಲೆಕ್ಟ್ರಾನ್ ತಾಮ್ರದ್ದು. ಪುಸ್ತಕದಾಗ ಹಂಗ ಐತಿ. ಇನ್ನೊಮ್ಮೆ ಮಾಡ್ರಿ.”

ಇನ್ನೊಂದು ವಿಧಾನದಲ್ಲಿ ಮಾಡಿದೆ. ಅಂಕಿ ಸ್ವಲ್ಪ ಬದಲಾಯಿತು. ಬದಲಾಗಲೇಬೇಕು. ಅಣುವಿನೊಳಗೆ ಒಂದು ಪರಮಾಣು ಮುಗಿದು ಇನ್ನೊಂದು ಶುರುವಾಗುವ ಕಡೆ ಬೇಲಿಯೇನೂ ಇಲ್ಲ. ಬೇಲಿ ಎಳೆಯುವವರು ನಾವು, ಒಂದೊಂದು ವಿಧಾನ ಒಂದೊಂದು ಕಡೆ ಎಳೆಯುತ್ತದೆ. ಇದನ್ನೆಲ್ಲ ಸಮಾಧಾನವಾಗಿ ವಿವರಿಸಿದೆ. ಅವರು ಕೇಳಿಸಿಕೊಂಡು, “ಯಾವುದರಾಗ ತಾಮ್ರಕ್ಕ ಜಾಸ್ತಿ ಬರ್ತೈತೋ ಅದನ್ನ ಇಡ್ರಿ” ಅಂದರು.

ಅಷ್ಟರಲ್ಲಿ ಅವರ ಬೆರಳು ಪಟ್ಟಿಯ ಕೆಳಗಿಳಿಯಿತು. ಕೆಲವು ಇಂಗಾಲಗಳ ಮುಂದೆ ಮೈನಸ್ ಇತ್ತು.

“ಇಲ್ಲದ್ದಕ್ಕಿಂತ ಕಡಿಮಿ ಹೆಂಗ ಇರ್ತೈತ್ರಿ?”

“ಕಡಿಮಿ ಅಲ್ರಿ. ಮ್ಯಾಲ್ಮುಖದ ಸ್ಪಿನ್‌ಗಿಂತ ಕೆಳಮುಖದ್ದು ಅಲ್ಲಿ ಒಂಚೂರು ಜಾಸ್ತಿ ಐತಿ, ಅಷ್ಟ.”

“ಮೈನಸ್ ತೆಗೀರಿ. ನೋಡಾಕ ಚಲೋ ಕಾಣಂಗಿಲ್ಲ.”

ಆ ಸಂಜೆ ಮೆಟ್ರೋದಲ್ಲಿ ನಿಂತು, ಅಮೀರ್‌ಪೇಟೆಯ ನೂಕುನುಗ್ಗಲಿನಲ್ಲಿ ರೈಲು ಬದಲಿಸಿ, ಕೂಕಟ್‌ಪಲ್ಲಿಯ ಮನೆ ಮುಟ್ಟುವವರೆಗೂ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ. ಒಮ್ಮೆ ಬಾಯಿಂದಲೇ ಬಂದಿರಬೇಕು, ಪಕ್ಕದ ಹೆಂಗಸು ಸ್ವಲ್ಪ ಸರಿದು ನಿಂತಳು. ವಾರಗಟ್ಟಲೆ ಹೀಗೇ ನಡೆಯಿತು. ಅದೇ ಪುಡಿ, ಅದೇ ಪ್ರಶ್ನೆ, “ಇನ್ನೊಮ್ಮೆ ಮಾಡ್ರಿ.”

ಒಂದು ಮಧ್ಯಾಹ್ನ ಸಹಿಗೆಂದು ಅವರ ಕೋಣೆಗೆ ಹೋದೆ. ಮೇಜಿನ ಮೇಲೆ ಅದೇ ಪುಡಿಯ ದ್ರಾವಣವನ್ನು ಕಾಂತದ ಧ್ರುವಗಳ ನಡುವೆ ಇಟ್ಟು ತೆಗೆದ ಗ್ರಾಫ್ ಬಿದ್ದಿತ್ತು. ತಾಮ್ರದ ದೊಡ್ಡ ಗೆರೆಗಳು ಸರಿಯಾಗಿ ಇದ್ದವು. ಆದರೆ ಒಂದು ಗೆರೆಯ ಮೇಲೆ ಗರಗಸದಂತೆ ಸಣ್ಣ ಸಣ್ಣ ಹಲ್ಲು.

“ಇವೇನ್ರಿ ಸರ್?”

“ಕಸ. ಯಾವಾಗಿಂದ ತೊಳಿಯಾಕತ್ತೀನಿ, ಹೋಗವಲ್ದು. ಭಾಳ ಪರೇಶಾನ್ ಮಾಡೇತಿ.”

ನಾನು ಕುರ್ಚಿ ಎಳೆದುಕೊಂಡು ಕೂತೆ. “ಕಸ ಅಲ್ರಿ, ನೈಟ್ರೋಜನ್. ಎಲೆಕ್ಟ್ರಾನ್ ಪೂರಾ ತಾಮ್ರದ ಮ್ಯಾಲೇ ಇದ್ದಿದ್ರ ಈ ಹಲ್ಲು ಬರ್ತಿದ್ದಿಲ್ಲ. ನೈಟ್ರೋಜನ್ನೂ ಒಂದು ಸಣ್ಣ ಕಾಂತ, ಅದರ ಮ್ಯಾಲೆ ಎಲೆಕ್ಟ್ರಾನಿನ ಪಾಲು ಐತಿ, ಅದಕ್ಕ ಗೆರಿ ಒಡದು ಹಲ್ಲು ಬಂದಾವ.”

ಅವರು ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇದನ್ನ ಮೊದಲ ಹೇಳಬೇಕಿತ್ತಲ್ರಿ ನೀವು.”

ಸಹಿಯ ಕಾಗದವನ್ನು ಅವರ ಮುಂದೆ ಸರಿಸಿದೆ. ಬಾಯಿ ತೆರೆದಿದ್ದರೆ ಕೆಲಸ ಬಿಟ್ಟೇ ಬರಬೇಕಾಗುತ್ತಿತ್ತು.

ಮುಂದಿನ ಸಭೆಯಲ್ಲಿ ಅವರು ಆ ಹಲ್ಲುಗಳನ್ನು ತೋರಿಸಿ, ಎಲೆಕ್ಟ್ರಾನ್ ನೈಟ್ರೋಜನ್‌ಗೆ ಹರಡಿರುವುದನ್ನು ಎಲ್ಲರಿಗೂ ತೆಲುಗಿನಲ್ಲಿ ಸೊಗಸಾಗಿ ವಿವರಿಸಿದರು. ನನಗಿಂತ ಚೆನ್ನಾಗಿಯೇ ಹೇಳಿದರು, ಅದು ಇನ್ನಷ್ಟು ಉರಿಸಿತು. ಮೈನಸ್‌ಗಳನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಇಬ್ಬರೂ ಕೂಡಿ ಬರೆದ ಪ್ರಬಂಧದಲ್ಲಿ ಅವು ಇರಲೇಬೇಕು ಎಂದು ನಾನು ಹಟ ಹಿಡಿದೆ, ಇದ್ದರೆ ಸಣ್ಣ ಅಕ್ಷರದಲ್ಲಿರಲಿ ಎಂದು ಅವರು. ಹಾಗೆಯೇ ಅಚ್ಚಾಯಿತು.