ಮರಿ ಕಾಯುವವಳು

ನಮ್ಮ ದೊಡ್ಡಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಗಿರಾಕಿಗಳು ಮುಂದಿನ ಕೋಣೆಯಲ್ಲಿ ಕನ್ನಡಿಯೆದುರು ಮುಖ ತಿರುಗಿಸಿ ತಿರುಗಿಸಿ ಫ್ರೇಮು ಆರಿಸುತ್ತಾರೆ, ಹಿಂದಿನ ಕಿಷ್ಕಿಂಧೆಯಲ್ಲಿ ಇವಳು ಆ ಫ್ರೇಮಿಗೆ ಕೂರುವಂತೆ ಗಾಜಿನ ಅಂಚು ತೇಯುತ್ತಾಳೆ. ಕೂದಲೆಳೆಯಷ್ಟು ಹೆಚ್ಚು ತೇದರೆ ಗಾಜು ಅಲ್ಲಾಡುತ್ತದೆ, ಕಡಿಮೆ ತೇದರೆ ಕೂರಿಸುವಾಗ ಸಿಡಿಯುತ್ತದೆ. ಇಷ್ಟು ಹದ ಬಲ್ಲ ಕೈ ಇದ್ದವಳ ನಾಲಿಗೆಗೂ ಒಂದಿಷ್ಟು ಹದ ಇರಬಾರದಿತ್ತೇ? ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹಾಗೆ ಒದೆಸಿಕೊಂಡೇ ಅವಳ ಅರ್ಧ ಆಯುಷ್ಯ ಕಳೆಯಿತು. ಉಳಿದರ್ಧದ ಕಥೆ ಇದು.

ನಾವು ಮೂವರು: ದೊಡ್ಡಕ್ಕ, ಚಿಕ್ಕಕ್ಕ, ಕೊನೆಯಲ್ಲಿ ಲಿಫ್ಟ್ ರಿಪೇರಿಯವನಾದ ನಾನು. ದೊಡ್ಡಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಪುರುಸೊತ್ತು ಸಿಗಲಿಲ್ಲ ಎನ್ನುತ್ತಿದ್ದಳು. ಚಿಕ್ಕಕ್ಕ ಅಕ್ಕನ ಪಾಲಿನದನ್ನೂ ಸೇರಿಸಿ ಎರಡು ಮದುವೆಯಾದಳು. ಮೊದಲನೆಯವನು ಹೇಳದೆ ಕೇಳದೆ ಹೋದಾಗ ಅವಳ ಕಂಕುಳಲ್ಲಿ ಹಾಲು ಕುಡಿಯುವ ಹೆಣ್ಣುಕೂಸಿತ್ತು. ಎರಡನೆಯವನು ಟೈಲ್ಸ್ ಅಂಗಡಿಯವನು. ಹೆಂಡತಿ ಬೇಕು, ಕೂಸು ಬೇಡ ಎಂದ. ಚಿಕ್ಕಕ್ಕ ಅತ್ತಳು, ಮೂಗು ಒರೆಸಿಕೊಂಡಳು, ಸ್ವಲ್ಪ ದಿನ ನೋಡಿಕೋ ಎಂದು ಕೂಸನ್ನು ಅಕ್ಕನ ಮಡಿಲಿಗೆ ಹಾಕಿ ಹೊರಟಳು. ಆ ಸ್ವಲ್ಪ ದಿನದಲ್ಲಿ ಕೂಸಿಗೆ ಹಲ್ಲು ಬಂತು, ಬಂದ ಹಲ್ಲು ಬಿದ್ದು ಹೊಸದು ಬಂತು, ಗುಣಾಕಾರ ಭಾಗಾಕಾರವೂ ಬಂತು. ಕಂಡದ್ದನ್ನೆಲ್ಲ ಚಕ್ಕನೆ ಕಲಿಯುತ್ತಿದ್ದಳೆಂದು ಅವಳನ್ನು ಚೂಟಿ ಎಂದೇ ಕರೆಯುತ್ತಿದ್ದೆವು.

ಗಪ್ಪಿ ಮೀನುಗಳು ಮನೆ ಹೊಕ್ಕದ್ದು ಚೂಟಿಯ ಹಟದಿಂದ. ಅವಳಿಗೆ ನಾಯಿ ಬೇಕಿತ್ತು. ಮನೆ ಮಾಲೀಕ ನಾಯಿ ಬೊಗಳುತ್ತದೆ ಎಂದು ತಾನೇ ಬೊಗಳಿದ. ಮೀನಿಗೆ ಬಾಯಿಲ್ಲವಲ್ಲ ಎಂದು ದೊಡ್ಡಕ್ಕ ಯಾರೋ ಮಾರಿದ ಹಳೆಯ ಗಾಜಿನ ತೊಟ್ಟಿಯೊಂದನ್ನು ತಂದು ಕಿಟಕಿಯ ಪಕ್ಕ ಇಟ್ಟಳು. ಒಂದು ಗಂಡು, ಎರಡು ಹೆಣ್ಣು ಬಿಟ್ಟಳು. ಗಂಡಿಗೆ ಬೀಸಣಿಗೆಯಂಥ ನೀಲಿ ಬಾಲ; ತಿರುಗಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹೆಣ್ಣುಗಳದು ಮಾಸಲು ಬಣ್ಣ, ಸದಾ ತುಂಬಿದ ಹೊಟ್ಟೆ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಎನ್ನುವುದು ನಮಗೆ ಗೊತ್ತಾದದ್ದೇ ಒಂದು ಬೆಳಿಗ್ಗೆ, ನೀರಿನಲ್ಲಿ ಕಣ್ಣು ಮಾತ್ರ ಕಾಣುವ ಚೂರುಗಳು ಓಡಾಡುವುದನ್ನು ಕಂಡಾಗ. ಸಂಜೆಗೆ ಒಂದೂ ಇರಲಿಲ್ಲ. ಕಡೆಯದನ್ನು ತಾಯಿ ಅಟ್ಟಿಸಿಕೊಂಡು ಹೋಗಿ ನುಂಗಿದ್ದನ್ನು ದೊಡ್ಡಕ್ಕ ಕಣ್ಣಾರೆ ನೋಡಿದಳು. ಅಮ್ಮನೇ ತಿಂದಳಾ ಎಂದು ಚೂಟಿ ಕೇಳಿದಾಗ ಬೇರೆ ಯಾರಾದರೂ ಏನೋ ಒಂದು ಕಟ್ಟಿ ಹೇಳುತ್ತಿದ್ದರು. ದೊಡ್ಡಕ್ಕ ಹೌದು ಎಂದಳು. ಅದರ ಬುದ್ಧಿಯೇ ಅಷ್ಟು, ಎದುರಿಗೆ ಏನೋ ಸಣ್ಣದು ಅಲ್ಲಾಡಿದರೆ ಬಾಯಿ ಹಾಕುತ್ತದೆ, ಬೈದು ಪ್ರಯೋಜನವಿಲ್ಲ, ನಾವು ಕಾಯಬೇಕು ಎಂದಳು.

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಹೆಣ್ಣಿನ ಬಾಲದ ಬುಡದ ಕಪ್ಪು ಮಚ್ಚೆ ಗಾಢವಾಗಿ, ಹೊಟ್ಟೆ ದುಂಡಗಿದ್ದದ್ದು ಚೌಕವಾಗಿ, ಮೀನು ಮೂಲೆ ಹಿಡಿದು ನಿಂತಿತೆಂದರೆ ದಿನ ತುಂಬಿತು ಎಂದರ್ಥ. ಆಗ ದೊಡ್ಡಕ್ಕ, ಚೂಟಿ ಇಬ್ಬರೂ ನೀರಿನ ಮೇಲೆ ತೇಲುವ ಗಿಡಗಳನ್ನು ದಟ್ಟವಾಗಿ ಹರಡುವರು. ಬೇರುಗಳ ನಡುವೆ ಮರಿಗೆ ಅಡಗಲು ಜಾಗವಾಗುತ್ತದೆ. ನೀರೆಳೆಯುವ ಯಂತ್ರದ ಬಾಯಿಗೆ ಸ್ಪಂಜು ಕಟ್ಟುವರು, ಇಲ್ಲವಾದರೆ ಮರಿಗಳು ಅದರೊಳಗೇ ಹೋಗುತ್ತವೆ. ಹುಟ್ಟಿದ ಮರಿಗಳನ್ನು ಚಮಚದಲ್ಲಿ ಎತ್ತಿ, ತೊಟ್ಟಿಯೊಳಗೇ ತೂಗುಬಿಟ್ಟ ಸಣ್ಣ ಬಲೆಪೆಟ್ಟಿಗೆಗೆ ಬಿಡುವರು. ನೀರು ಅದೇ, ಗೋಡೆ ಮಾತ್ರ ಬಲೆಯದು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹೊಗೆಯಷ್ಟು ತೆಳ್ಳಗೆ ಉಣಿಸುವರು. ಹೆಚ್ಚಾದರೆ ನೀರು ಕೆಟ್ಟು ಮರಿ ಸಾಯುತ್ತದೆ. ಚೂಟಿ ಶಾಲೆಯಿಂದ ಬಂದವಳು ಬೆನ್ನಿನ ಚೀಲ ಇಳಿಸದೆ ಬಲೆಯೊಳಗೆ ಇಣುಕುತ್ತಿದ್ದಳು. ಒಮ್ಮೆ ಶಾಲೆಯ ಪ್ರವಾಸಕ್ಕೂ ಹೋಗಲಿಲ್ಲ, ಒಂದು ಹೆಣ್ಣು ಇವತ್ತೋ ನಾಳೆಯೋ ಎನ್ನುವಂತಿತ್ತು. ಹುಡುಗಾಟದ ವಯಸ್ಸಿನವಳಿಗೆ ಇದು ಅತಿಯಾಯಿತು ಎಂದು ನಾನಂದರೆ ದೊಡ್ಡಕ್ಕ ಬಾಯಿ ಮುಚ್ಚಿಸಿದಳು. ಅವಳಿಗೆ ಹೆಮ್ಮೆ. ಅಂಗಡಿಯಲ್ಲೂ ಅದನ್ನೇ ಹೇಳಿಕೊಂಡು ತಿರುಗಿದಳು.

ಚಿಕ್ಕಕ್ಕ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದಳು, ಮಗಳ ಅಳತೆಗೆ ಚಿಕ್ಕದಾದ ಫ್ರಾಕು ಹಿಡಿದುಕೊಂಡು. ಬೆಳೆದುಬಿಟ್ಟಿದ್ದಾಳೆ ಎಂದು ಪ್ರತಿ ಸಲವೂ ಆಶ್ಚರ್ಯಪಡುತ್ತಿದ್ದಳು. ಮಕ್ಕಳು ಬೆಳೆಯುತ್ತವೆ ಎಂಬ ಸುದ್ದಿ ಅವಳ ಮನೆಗೆ ಇನ್ನೂ ಮುಟ್ಟಿರಲಿಲ್ಲವೇನೋ. ಆಮೇಲೆ ಟೈಲ್ಸ್‌ನವನಿಂದ ಅವಳಿಗೊಂದು ಗಂಡುಮಗುವಾಯಿತು. ಅಂಗಡಿಯ ಗಲ್ಲಾಪೆಟ್ಟಿಗೆ ಕಾಯಲು ಚಿಕ್ಕಕ್ಕ ಬೇಕು. ಮಗು ಎತ್ತಿಕೊಳ್ಳಲು ಅತ್ತೆಗೆ ಮಂಡಿನೋವು. ಇಟ್ಟ ಕೆಲಸದವಳು ಅತ್ತೆಯ ಬಾಯಿ ತಾಳದೆ ಓಡಿಹೋದಳು. ಸರಿಯಾಗಿ ಆಗಲೇ ಚಿಕ್ಕಕ್ಕನಿಗೆ ಹೆಣ್ಣುಮಗಳ ನೆನಪು ಉಕ್ಕಿ ಬಂತು. ಮೊದಲು ಬೇಡವೆಂದಿದ್ದ ಗಂಡನೇ ಈಗ, ತಾಯಿ ಮಗಳನ್ನು ಎಷ್ಟು ದಿನ ದೂರ ಇಡುವುದು ಎಂದು ಫೋನಿನಲ್ಲಿ ಕೇಳಿದ. ಕುರುಡನಿಗೂ ಕಾಣುವಂಥ ಲೆಕ್ಕ ಇದು.

ನಮ್ಮಲ್ಲಿ ಹಿರಿಯರೆಂದು ಉಳಿದಿರುವವರು ಅಮ್ಮನ ತಮ್ಮ ಒಬ್ಬರೇ. ಉಗ್ರಾಣದ ಮೇಲ್ವಿಚಾರಕರಾಗಿ ನಿವೃತ್ತರಾದವರು, ಅವರನ್ನು ಉಗ್ರಾಣದ ಮಾವ ಎಂದೇ ಎಲ್ಲರೂ ಕರೆಯುವುದು. ಅವರು ಹೇಳಿದ ಮೇಲೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ. ದೊಡ್ಡಕ್ಕನಿಗೆ ಚೂಟಿಯ ಮೇಲೆ ಹಕ್ಕು ಹೇಳುವ ಒಂದು ಚೂರು ಕಾಗದವೂ ಇರಲಿಲ್ಲ. ಇದ್ದದ್ದು ಸಾಕಿದ ಋಣ. ಅದು ತೂಕಕ್ಕೆ ಬರಬೇಕಾದರೆ ಮಾವನೇ ತೂಗಬೇಕು. ಚಿಕ್ಕಕ್ಕ ಎಳೆಮಗುವನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದು ಕೂತಳು. ಮಾವನೂ ಬಂದರು. ಎರಡು ದಿನ ಎಲ್ಲರ ಮಾತೂ ಕೇಳಿದರು, ಚೂಟಿಯ ಪುಸ್ತಕ ತಿರುವಿ ನೋಡಿದರು. ಮೂರನೆಯ ದಿನ ಇಳಿಹೊತ್ತಿಗೆ ನನ್ನೊಡನೆ ಚಹಾ ಕುಡಿಯಲು ಹೊರಗೆ ಬಂದವರು ಮೆಟ್ಟಿಲ ಮೇಲೆ ನಿಂತು, ಹುಡುಗಿ ಇಲ್ಲೇ ಇರಲಿ, ರಜೆಗೆ ಅಲ್ಲಿ ಹೋಗಿ ಬರಲಿ, ಸಂಜೆ ನಿನ್ನ ಅಕ್ಕಂದಿರಿಬ್ಬರಿಗೂ ಹೇಳುತ್ತೇನೆ ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾವು ಹೊರಗಿದ್ದಾಗ ನಡೆದದ್ದನ್ನು ಆಮೇಲೆ ಚೂಟಿಯೇ ಹೇಳಿದಳು. ದೊಡ್ಡಕ್ಕ ಕೆಲಸಕ್ಕೆ ಹೋಗಿದ್ದಳು. ಹಿಂದಿನ ದಿನವಷ್ಟೇ ಒಂದು ಹೆಣ್ಣುಮೀನು ಮರಿ ಹಾಕಿತ್ತು. ಮರಿಗಳು ಬಲೆಪೆಟ್ಟಿಗೆಯಲ್ಲಿ, ತಾಯಿ ಹೊರಗೆ. ಆ ತಾಯಿ ಬಲೆಗೆ ಮೂತಿ ಗುದ್ದುತ್ತಿತ್ತು, ಆಚೆ ಹೋಗುತ್ತಿತ್ತು, ಮತ್ತೆ ಬಂದು ಗುದ್ದುತ್ತಿತ್ತು. ಎದುರಿಗೆ ತುತ್ತು ಕಾಣುತ್ತಿದೆ, ಬಾಯಿಗೆ ಸಿಗುತ್ತಿಲ್ಲ, ಅಷ್ಟೇ. ಚಿಕ್ಕಕ್ಕ ಅದನ್ನು ನೋಡುತ್ತ ನೋಡುತ್ತ ಕಣ್ಣೀರು ಹಾಕಿದಳಂತೆ. ಮಕ್ಕಳಿಗಾಗಿ ಹೇಗೆ ಒದ್ದಾಡುತ್ತಿದೆ ನೋಡು, ನಿಮ್ಮ ದೊಡ್ಡಮ್ಮ ಮೀನನ್ನೂ ಬಿಟ್ಟಿಲ್ಲ ಎಂದಳಂತೆ. ಚೂಟಿ ಅವಳ ಕೈ ಹಿಡಿದು, ಬೇಡಮ್ಮ, ತಿಂದುಬಿಡುತ್ತದೆ ಎಂದಿದ್ದಾಳೆ. ಯಾವ ತಾಯಿ ತಿನ್ನುತ್ತಾಳೆ ಎಂದು ಚಿಕ್ಕಕ್ಕ ಆ ಕೈ ಬಿಡಿಸಿಕೊಂಡು ಪೆಟ್ಟಿಗೆಯನ್ನು ನೀರಿನಲ್ಲಿ ಬೋರಲು ಹಾಕಿದಳು.

ನಾವು ಬಾಗಿಲು ತೆಗೆದಾಗ ಚೂಟಿ ಸ್ಟೂಲಿನ ಮೇಲೆ ನಿಂತು, ಮೊಣಕೈವರೆಗೂ ಕೈ ನೀರಿಗಿಳಿಸಿ, ಚಹಾ ಸೋಸುವ ಜಾಲರಿಯಲ್ಲಿ ಮರಿ ಹಿಡಿಯುತ್ತಿದ್ದಳು. ಅಳುತ್ತಿರಲಿಲ್ಲ, ಅಳಲು ಅವಳಿಗೆ ಬಿಡುವಿರಲಿಲ್ಲ. ಚಿಕ್ಕಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಆತು ನಿಂತಿದ್ದಳು. ಅವಳಿಗೂ ನಿಜವಾಗಿ ಕರುಳು ಕಿತ್ತು ಬಂದಿತ್ತು, ಸುಳ್ಳು ಹೇಳಬಾರದು. ನೀಲಿ ಬಾಲದ ಗಂಡು ಸಹ ಒಂದೆರಡು ಮರಿ ನುಂಗಿ ಎಂದಿನಂತೆ ತಿರುಗಾಡುತ್ತಿತ್ತು.

ಅಷ್ಟರಲ್ಲಿ ದೊಡ್ಡಕ್ಕ ಕೆಲಸದಿಂದ ಬಂದಳು. ನೋಡಿದಳು. ಉಳಿದ ನಾಲ್ಕಾರು ಮರಿಗಳನ್ನು ಒಂದು ಗಾಜಿನ ಲೋಟಕ್ಕೆ ಬಿಟ್ಟಳು. ಆ ಹೊತ್ತಿಗೆ ಅವಳ ನಾಲಿಗೆಗೊಂದು ಗಂಟು ಬಿದ್ದಿದ್ದರೆ ಸಾಕಿತ್ತು. ಮಾವ ಸಮಾಧಾನದ ದನಿಯಲ್ಲೇ, ಹೋಗಲಿ ಬಿಡು, ಮೀನು ತಾನೆ, ಗೊತ್ತಿಲ್ಲದೆ ಮಾಡಿದಳು ಎಂದರು. ದೊಡ್ಡಕ್ಕ ಮಾವನ ಕಡೆ ತಿರುಗಲೂ ಇಲ್ಲ. ತಂಗಿಯ ಮುಖ ನೋಡಿ ಹೇಳಿದಳು:

"ಹೆತ್ತೋರ ಕೈಗೆ ಕೊಟ್ರೆ ಏನಾಗುತ್ತೆ ಅಂತ ನೋಡಿದ್ಯಲ್ಲ. ನಾನಂತೂ ಕೊಡಲ್ಲ."

ಮೀನಿನ ಮಾತಲ್ಲ ಅದು ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಚಿಕ್ಕಕ್ಕ ಮಾವನ ಕಡೆ ತಿರುಗಿದಳು. ನಾನು ನನ್ನ ಮಗಳನ್ನೇ ತಿನ್ನುವವಳಾ ಮಾವ ಎಂದು ಗೋಳೋ ಎಂದು ಅತ್ತಳು. ಅಮ್ಮನ ದನಿಗೆ ಒಳಕೋಣೆಯಲ್ಲಿ ಮಲಗಿದ್ದ ಎಳೆಮಗು ಎಚ್ಚೆತ್ತು ಕಿರುಚತೊಡಗಿತು. ಯಾರೂ ಎದ್ದು ಹೋಗಲಿಲ್ಲ. ಚೂಟಿ ಸ್ಟೂಲಿನಿಂದ ಇಳಿದು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು. ಕತ್ತಿನಡಿ ಕೈ ಕೊಟ್ಟು, ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತ ಹೊರಗೆ ಬಂದಳು. ಮಗು ಸುಮ್ಮನಾಯಿತು.

ಮಾವ ಆ ದೃಶ್ಯವನ್ನು ಕಣ್ತುಂಬ ನೋಡಿದರು. ಅವರ ಮುಖವೇ ಬೇರೆಯಾಯಿತು.

"ನೋಡು, ರಕ್ತ ಹೆಂಗೆ ಎಳೀತದೆ," ಎಂದರು. "ಹೆತ್ತ ಸಂಕಟ ನಿನಗೆ ಹೆಂಗಮ್ಮ ಗೊತ್ತಾಗ್ಬೇಕು. ನಾಳೆ ಹುಡುಗೀನ ಅವಳಮ್ಮನ ಜೊತೆ ಕಳಿಸು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆರದವಳು ಎಂದು ದೊಡ್ಡಕ್ಕನನ್ನು ಅದುವರೆಗೆ ಯಾರೂ ಎದುರಿಗೆ ಅಂದಿರಲಿಲ್ಲ. ರಕ್ತವಂತೆ, ರಕ್ತ! ಅಳುವ ಯಾವ ಸಣ್ಣ ಜೀವ ಕಂಡರೂ ಚೂಟಿ ಎತ್ತಿಕೊಳ್ಳುತ್ತಿದ್ದಳು. ಬೆಕ್ಕಿನ ಮರಿಯಾಗಿದ್ದರೂ ಅಷ್ಟೇ. ಅದನ್ನು ಕಲಿಸಿದವಳ ಮನೆಯಿಂದಲೇ ಅದೇ ಕಾರಣ ಹೇಳಿ ಹುಡುಗಿಯನ್ನು ಕರೆದುಕೊಂಡು ಹೋದರು. ನಾನು ಬಾಯಿ ತೆಗೆದೆ. ನೀನು ಲಿಫ್ಟು ನೋಡಿಕೋ ಎಂದರು ಮಾವ. ಮರುದಿನ ದೊಡ್ಡಕ್ಕ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. ಯಾವ ಅಂಗಿಯ ಗುಂಡಿ ಸಡಿಲ, ಯಾವ ಔಷಧಿ ಒಗ್ಗುವುದಿಲ್ಲ ಎಂದು ತಂಗಿಗೆ ಒಂದೊಂದಾಗಿ ಹೇಳಿದಳು. ಬಸ್ಸು ಹೋದ ಮೇಲೆ ಮನೆಗೆ ಬರದೆ ನೇರ ಅಂಗಡಿಗೆ ಹೋದಳು. ಅಂದು ಅವಳು ತೇದ ಗಾಜುಗಳೆಲ್ಲ ಸಿಡಿದವೆಂದು ಅಂಗಡಿಯವನು ಬೈದನಂತೆ.

ಮೊದಮೊದಲು ಚೂಟಿಯ ಫೋನು ದಿನಾ ಬರುತ್ತಿತ್ತು. ಆಮೇಲೆ ಭಾನುವಾರ ಮಾತ್ರ. ಆಮೇಲೆ ನಾವು ಮಾಡಿದರೆ ಚಿಕ್ಕಕ್ಕ ಎತ್ತಿ, ಅವಳು ತಮ್ಮನ ಜೊತೆ ಆಡುತ್ತಿದ್ದಾಳೆ, ನಿಮ್ಮನ್ನೆಲ್ಲ ಮರೆತೇಬಿಟ್ಟಳು ಎಂದು ನಗುತ್ತಿದ್ದಳು. ದೊಡ್ಡಕ್ಕ ಅದನ್ನು ನಂಬಿದಳು. ಮರೆತರೇ ಒಳ್ಳೆಯದು, ಹುಡುಗಿ ಸುಖವಾಗಿದ್ದಾಳೆ ಎಂದುಕೊಂಡಳು. ನನಗೆ ಮಾತ್ರ ಆ ನಗು ಹಿಡಿಸಲಿಲ್ಲ.

ಅವರ ಊರಿನ ಒಂದು ಮಳಿಗೆಯಲ್ಲಿ ಲಿಫ್ಟು ಕೆಟ್ಟಾಗ ನನ್ನನ್ನು ಕಳಿಸಿದರು. ಕೆಲಸ ಮುಗಿಸಿ ಚಿಕ್ಕಕ್ಕನ ಮನೆ ಹುಡುಕಿಕೊಂಡು ಹೋದೆ. ಶಾಲೆ ನಡೆಯುವ ಹೊತ್ತು. ಬಾಗಿಲು ತೆಗೆದವಳು ಚೂಟಿ. ಸೊಂಟದ ಮೇಲೆ ಮಗು. ಅದರ ಭಾರಕ್ಕೆ ಅವಳ ಮೈ ಒಂದು ಕಡೆಗೆ ವಾಲಿತ್ತು. ಹಾಗೇ ನಿಂತೂ ನಿಂತೂ ಅದೇ ಅಭ್ಯಾಸವಾಗಿತ್ತು. ಒಳಗೆ ಮಂಚದ ಮೇಲೆ ಮುದುಕಿ ಟಿವಿ ನೋಡುತ್ತಿದ್ದಳು. ಚಿಕ್ಕಕ್ಕ ಅಂಗಡಿಯಲ್ಲಿದ್ದಳು. ಚೂಟಿ ಮನೆಯೊಡತಿಯ ಹಾಗೆ ನನಗೆ ನೀರು ತಂದುಕೊಟ್ಟಳು. ಶಾಲೆ ಎಂದು ಕೇಳಿದೆ. ಪಾಪುಗೆ ಹುಷಾರಿದ್ದ ದಿನ ಹೋಗುತ್ತೇನೆ ಎಂದಳು. ಪಾಪುಗೆ ಯಾವಾಗ ಹುಷಾರಿರುತ್ತದೆ ಎಂದು ಕೇಳಿದರೆ ಮಗುವಿನ ಮೂಗು ಒರೆಸಿದಳು.

ನನಗೆ ತಡೆಯಲಾಗಲಿಲ್ಲ. ಏಳು, ಚೀಲ ತಗೋ, ಈಗಿಂದೀಗಲೇ ಕರೆದುಕೊಂಡು ಹೋಗುತ್ತೇನೆ, ಯಾವ ಮಾವ ಬಂದು ತಡೆಯುತ್ತಾರೋ ನೋಡೋಣ ಎಂದೆ. ಅವಳ ಕಣ್ಣು ಒಂದು ಗಳಿಗೆ ಬಾಗಿಲ ಕಡೆ ಹೋಯಿತು. ಅಷ್ಟರಲ್ಲಿ ಮಗು ಅವಳ ಕಿವಿ ಹಿಡಿದು ಎಳೆಯಿತು.

"ನಾನು ಸ್ನಾನಕ್ಕೆ ಹೋದ್ರೂ ಇವನನ್ನ ಯಾರೂ ಎತ್ಕೊಳ್ಳಲ್ಲ ಮಾವ," ಎಂದಳು. "ಮೊನ್ನೆ ಮಂಚದಿಂದ ಬಿದ್ದ. ನಾನು ಬಂದ್ಬಿಟ್ರೆ ಇವನ ಗತಿ? ದೊಡ್ಡಮ್ಮಂಗೆ ಚೆನ್ನಾಗಿದೀನಿ ಅಂತ ಹೇಳು."

ನಾನು ಹಾಗೆ ಹೇಳಲಿಲ್ಲ. ಮನೆಗೆ ಬಂದು ಕಂಡದ್ದೆಲ್ಲ ದೊಡ್ಡಕ್ಕನ ಮುಂದೆ ಸುರಿದೆ. ಮಾವನನ್ನು ಬೈದೆ, ಚಿಕ್ಕಕ್ಕನನ್ನು ಬೈದೆ, ಪೊಲೀಸರ ಹತ್ತಿರ ಹೋಗೋಣ ಎಂದು ಕೂಗಾಡಿದೆ. ಅವಳು ಚಪ್ಪಲಿ ಮೆಟ್ಟಿ ಬೀಗದ ಕೈ ತೆಗೆದುಕೊಂಡು ಹೊರಟಳು. ಹಿಂದೆಯೇ ನಾನೂ ಹೊರಟೆ. ಬಸ್ ನಿಲ್ದಾಣದವರೆಗೆ ಹೋದೆವು. ಆ ಊರಿನ ಬಸ್ಸು ಬಂತು, ನಿಂತಿತು, ಜನ ಹತ್ತಿದರು. ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಕಂಡಕ್ಟರು ಬರ್ತೀರೋ ಇಲ್ವೋ ಎಂದು ರೇಗಿದ. ಅವಳು ಕಾಲು ತೆಗೆದಳು. ಬಸ್ಸು ಹೋಯಿತು. ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದಳು:

"ಅವಳು ಎತ್ಕೊಂಡಿರೋದು ಕೈಗೂಸು ಕಣೋ. ಅದನ್ನ ಅಲ್ಲೇ ಬಿಟ್ಟು ಬಾ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"